ಸಮಾಧಾನ ಸಾಕು, ಥೆರಪಿಸ್ಟ್ ಕೊಡಿ

"ವಿಶೇಷ ಮಕ್ಕಳನ್ನ ದೇವರು ವಿಶೇಷ ಅಪ್ಪ–ಅಮ್ಮಂಗೇ ಕೊಡ್ತಾನೆ" ಅನ್ನೋರನ್ನ ಕಂಡ್ರೆ ನನಗೆ ಮೈ ಉರಿಯುತ್ತೆ. ಕೊಡೋದು ಕೊಟ್ಟ, ಜೊತೆಗೆ ಮನೆ ಹತ್ರ ಒಬ್ಬ ಸ್ಪೀಚ್ ಥೆರಪಿಸ್ಟನ್ನೂ ಕೊಡಬಹುದಿತ್ತಲ್ಲ?

ಮಗನಿಗೆ ಆಟಿಸಂ ಅಂತ ಗೊತ್ತಾದಾಗ ಅವನಿಗೆ ಮೂರು ವರ್ಷ. ಬೆಂಗಳೂರಿನ ಡಾಕ್ಟರು ರಿಪೋರ್ಟ್ ಕೈಗಿಟ್ಟು "ವಾರಕ್ಕೆ ಮೂರು ದಿನ ಥೆರಪಿ ಮಾಡಿಸಿ, ತಡ ಮಾಡಬೇಡಿ" ಅಂದರು. ಎಲ್ಲಿ, ಹೇಗೆ, ಎಷ್ಟು ಖರ್ಚು, ಅದು ಹೇಳಲಿಲ್ಲ. ನಾವಿರೋದು ದೊಡ್ಡಬಳ್ಳಾಪುರ, ಬೆಂಗಳೂರಿಗೆ ಸುಮಾರು 40 ಕಿಲೋಮೀಟರ್. ಮುಕ್ಕಾಲು ಗಂಟೆಯ ಥೆರಪಿಗೆ ಇಡೀ ದಿನ ಹೋಗುತ್ತೆ. ಬಸ್ಸಿನ ಹಾರನ್ನಿಗೆ ಮಗು ಕಿವಿ ಮುಚ್ಚಿಕೊಂಡು ಕಿರುಚಿದರೆ, "ಎರಡು ಬಿಟ್ಟು ಬೆಳೆಸಬೇಕಿತ್ತು ಕಣಮ್ಮ" ಅಂತ ಪಕ್ಕದ ಸೀಟಿನಿಂದ ಉಪದೇಶ. ನಾನು ಕೆಲಸ ಬಿಟ್ಟೆ. ಗಂಡನ ಸಂಬಳ ಇತ್ತು, ನಡೀತು. ಮಗ್ಗದ ಕೂಲಿ ನೆಚ್ಚಿಕೊಂಡ ತಾಯಿ ಏನು ಬಿಡಬೇಕು? ಕೂಲಿ ಬಿಡೋಕಾಗಲ್ಲ, ಥೆರಪಿ ಬಿಡ್ತಾಳೆ. ಆಮೇಲೆ ನಾವು "ಹಳ್ಳಿಯವರಿಗೆ ಅರಿವಿಲ್ಲ" ಅಂತ ಭಾಷಣ ಮಾಡ್ತೀವಿ.

ಕಾಗದದ ಮೇಲೆ ಎಲ್ಲವೂ ಇದೆ ರೀ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿರುವ 21 ಅಂಗವೈಕಲ್ಯಗಳಲ್ಲಿ ಆಟಿಸಂ ಕೂಡ ಒಂದು. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬಂದು ಮಕ್ಕಳನ್ನು ಪರೀಕ್ಷಿಸಬೇಕು. ನಿರಾಮಯ ಆರೋಗ್ಯ ವಿಮೆಯಲ್ಲಿ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ರಕ್ಷಣೆ ಇದೆ. ಥೆರಪಿ ಖರ್ಚಿಗೂ ಅದರಲ್ಲಿ ಪಾಲಿದೆ. ಪಂಚಾಯ್ತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ, ಅದೂ ಬರೀ ಗೌರವಧನದ ಮೇಲೆ. ಇದರಲ್ಲಿ ಒಂದನ್ನೂ ನನಗೆ ರಿಪೋರ್ಟ್ ಕೊಟ್ಟವರು ಹೇಳಲಿಲ್ಲ. ಆರು ತಿಂಗಳಾದ ಮೇಲೆ ಹೇಳಿದ್ದು ಇನ್ನೊಬ್ಬ ಮಗುವಿನ ಅಮ್ಮ, ಥೆರಪಿ ಸೆಂಟರಿನ ಮೆಟ್ಟಿಲ ಮೇಲೆ ಕೂತು. ಇಷ್ಟೆಲ್ಲ ಯೋಜನೆಗಳ ಸುದ್ದಿ ಮೆಟ್ಟಿಲ ಮೇಲಿನ ಮಾತಲ್ಲೇ ತಲುಪಬೇಕಾ?

"ತಾಲ್ಲೂಕಿಗೆಲ್ಲ ಥೆರಪಿಸ್ಟ್ ಸಿಗಲ್ಲ" ಅಂತಾರೆ. ಮೈಸೂರಿನ ವಾಕ್ ಮತ್ತು ಶ್ರವಣ ಸಂಸ್ಥೆ 1960ರ ದಶಕದಿಂದ ಇಂಥವರನ್ನು ತಯಾರು ಮಾಡ್ತಿದೆ. ದಿನಾ ಬರೋದು ಬೇಡ, ತಾಲ್ಲೂಕು ಆಸ್ಪತ್ರೆಗೆ ವಾರಕ್ಕೆ ಎರಡು ದಿನ ಬರಲಿ. ಮನೇಲಿ ಏನು ಮಾಡಿಸಬೇಕು ಅಂತ ಅಮ್ಮಂದಿರಿಗೆ, ಅಂಗನವಾಡಿ ಟೀಚರಿಗೆ ಕಲಿಸಿ ಹೋಗಲಿ. ಉಳಿದ ಐದು ದಿನ ನಾವು ನೋಡ್ಕೋತೀವಿ.

ಏಪ್ರಿಲ್ 2 ಬಂದ ತಕ್ಷಣ ಡಿಪಿ ನೀಲಿ ಮಾಡೋ ಗೆಳೆಯರೇ, ನೀವು ವಿಮಾನ ಹತ್ತೋದು ನಮ್ಮ ದೇವನಹಳ್ಳಿ ತಾಲ್ಲೂಕಲ್ಲೇ. ಮುಂದಿನ ಸಲ ಆಫೀಸಿನಲ್ಲಿ ಸಿಎಸ್‌ಆರ್ ದುಡ್ಡಿನ ಮಾತು ಬಂದಾಗ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ, ದೊಡ್ಡಬಳ್ಳಾಪುರಕ್ಕೆ ಒಬ್ಬೊಬ್ಬ ಥೆರಪಿಸ್ಟ್ ಸಂಬಳ ಅಂತ ಒಂದು ಸಾಲು ಬರೆಸಿ. ಡಾಕ್ಟರೇ, ನೀವು ರಿಪೋರ್ಟ್ ಜೊತೆ ಕನ್ನಡದಲ್ಲಿ ಒಂದು ಪುಟ ಕೊಡಿ: ಯಾವ ಆಫೀಸು, ಯಾವ ಅರ್ಜಿ, ಯಾರನ್ನ ಕೇಳಬೇಕು. ಧೈರ್ಯ ಹೇಳೋದನ್ನ ನಮ್ಮತ್ತೆಗೆ ಬಿಡಿ, ಅವರು ಚೆನ್ನಾಗಿ ಹೇಳ್ತಾರೆ.