ಪಳನಿ ನಡಿಗೆಗೆ ಕಾರ್ತಿಕದಲ್ಲೇ ಕಾಲು ಸಿದ್ಧವಾಗಲಿ

ತೈಪೂಸ ಹತ್ತಿರ ಬಂತೆಂದರೆ ದಿಂಡಿಗಲ್‌ನಿಂದ ಪಳನಿಗೆ ಹೋಗುವ ರಸ್ತೆಯ ಅಂಚಿನಲ್ಲಿ ಮನುಷ್ಯರದೇ ಹೊಳೆ. ಹಸಿರು ಬಟ್ಟೆ, ಕಾವಿ ಬಟ್ಟೆ, ಹೆಗಲ ಮೇಲೆ ಕಾವಡಿ, ಕೆಳಗೆ ಬರಿಗಾಲು. ಒಟ್ಟನ್‌ಛತ್ರದ ತರಕಾರಿ ಮಾರುಕಟ್ಟೆಗೆ ಹೋಗಿಬರುವ ನಮ್ಮ ಗಡಿ ಕಡೆಯ ವ್ಯಾಪಾರಸ್ಥರಿಗೆ ಈ ನೋಟ ಹೊಸದೇನಲ್ಲ. ನಮ್ಮವರಲ್ಲೂ ಹರಕೆ ಹೊತ್ತು ಅಲ್ಲಿ ನಡೆದವರಿದ್ದಾರೆ. ನಾನೂ ನಡೆದಿದ್ದೇನೆ, ನಮ್ಮ ಭಾವನೂ ನಡೆದಿದ್ದಾರೆ. ನಾನು ಇಂದು ಬರೆಯಹೊರಟಿರುವುದು ಭಾವನ ಕಾಲಿನ ವಿಷಯ.

ಭಾವ ಮಂಡಿ ಇಟ್ಟುಕೊಂಡವರು. ಬೆಳಿಗ್ಗೆ ಗಲ್ಲಾಪೆಟ್ಟಿಗೆಯ ಮುಂದೆ ಕೂತರೆ ಏಳುವುದು ರಾತ್ರಿಯೇ. ನಡುವೆ ಆರೇಳು ಲೋಟ ಟೀ, ಜೊತೆಗೆ ಬೋಂಡ. ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ. ಆ ವರ್ಷ ಇದ್ದಕ್ಕಿದ್ದಂತೆ, "ಸ್ವಾಮಿ ಕರೀತಾ ಇದ್ದಾನೆ ಕಣೋ" ಎಂದು ಹೊರಟೇಬಿಟ್ಟರು. ದಿಂಡಿಗಲ್‌ನಿಂದ ಪಳನಿ ಸುಮಾರು 60 ಕಿ.ಮೀ. ಎರಡೇ ದಿನದಲ್ಲಿ, ಅದೂ ಬರಿಗಾಲಲ್ಲಿ ಮುಗಿಸಿದರು. ಅಂಗಾಲಿನಲ್ಲಿ ಬೊಬ್ಬೆ ಎದ್ದು ಒಡೆದದ್ದು ಅವರಿಗೆ ಗೊತ್ತೇ ಆಗಲಿಲ್ಲ. ಬಹುಕಾಲದ ಸಕ್ಕರೆ ಕಾಯಿಲೆ ಕಾಲಿನ ನರಗಳನ್ನು ಜೋಮು ಹಿಡಿಸಿರುತ್ತದೆ, ನೋವು ತಿಳಿಯುವುದಿಲ್ಲ. ತಿಂಗಳೊಳಗೆ ಹೆಬ್ಬೆರಳನ್ನೇ ತೆಗೆಯಬೇಕಾಯಿತು. ದೇವರ ತಪ್ಪಲ್ಲ, ದಾರಿಯ ತಪ್ಪೂ ಅಲ್ಲ. ಹನ್ನೊಂದು ತಿಂಗಳು ಕೂತ ಕಾಲನ್ನು ಒಂದೇ ದಿನ ಎಬ್ಬಿಸಿ ಓಡಿಸಿದ ತಪ್ಪು.

ನಮ್ಮಲ್ಲಿ ಒಂದು ಭ್ರಮೆ ಇದೆ. ನಾವು ರೈತಾಪಿ ಜನ, ಮೈ ಮುರಿದು ದುಡಿಯುವವರು, ನಮಗೇಕೆ ವ್ಯಾಯಾಮ ಎಂದು. ಏಲಕ್ಕಿ ಹರಾಜಿಗೆಂದು ಬೋಡಿನಾಯಕನೂರಿಗೆ ಹೋದಾಗ ಹಾಗೇ ಕಂಬಂವರೆಗೂ ಹೋಗಿದ್ದೆ. ಕಂಬಂ ಕಣಿವೆಯಲ್ಲಿ ತಲೆಮಾರುಗಳಿಂದ ಮನೆಯೊಳಗೆ ಕನ್ನಡ, ಬೀದಿಯಲ್ಲಿ ತಮಿಳು ಆಡುತ್ತಾ ಬಂದ ಒಕ್ಕಲಿಗರಿದ್ದಾರೆ. ದೇವರ ದನಗಳನ್ನು ಸಾಕುವ ಜನ. ಅಲ್ಲಿನ ಹಿರಿಯರೊಬ್ಬರು ಹೇಳಿದರು: "ನಮ್ಮ ಕಾಲ್ದಲ್ಲಿ ದನದ ಹಿಂದೆ ಬೆಟ್ಟ ಹತ್ತಿ ಇಳೀತಿದ್ವಿ ಸ್ವಾಮಿ. ಈಗ ತೋಟಕ್ಕೆ ಹೋಗೋಕೂ ಗಾಡಿ ಬೇಕು." ನಮ್ಮ ಕಡೆಯ ಕಥೆ ಬೇರೆಯೇನು? ಏತ ಹೋಗಿ ಪಂಪ್‌ಸೆಟ್ ಬಂತು, ನೇಗಿಲು ಹೋಗಿ ಟ್ರಾಕ್ಟರ್ ಬಂತು. ದುಡಿಮೆ ಹಗುರವಾಗಿದ್ದು ಒಳ್ಳೆಯದೇ. ಆದರೆ ತಟ್ಟೆ ಮಾತ್ರ ಹಗುರವಾಗಲಿಲ್ಲ. ಹಾಗೆ ನೋಡಿದರೆ ಭತ್ತ ಆ ಕಣಿವೆಗೆ ದೊಡ್ಡ ಭಾಗ್ಯ. 1895ರಲ್ಲಿ ಮುಲ್ಲಪೆರಿಯಾರ್ ಅಣೆಕಟ್ಟಿನ ನೀರು ಬೆಟ್ಟ ಕೊರೆದು ಇಳಿದ ಮೇಲೆ ಅಲ್ಲಿ ಎರಡು ಬೆಳೆ ಕಂಡವರಿದ್ದಾರೆ. ಹಾಗೆಂದು ಮೂರು ಹೊತ್ತೂ ಬಿಳಿ ಅನ್ನವನ್ನೇ ಉಂಡು ಕೂತರೆ ಭಾಗ್ಯವೂ ಭಾರವಾಗುತ್ತದೆ.

ಐಸಿಎಂಆರ್ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ. ವಯಸ್ಕರಲ್ಲಿ ನೂರಕ್ಕೆ ಹನ್ನೊಂದು ಮಂದಿಗಿಂತ ಹೆಚ್ಚು. ಇದು ಪಟ್ಟಣದ ಸಾಹುಕಾರರ ಕಾಯಿಲೆ ಎನ್ನುವ ಕಾಲ ಹೋಯಿತು.

ಹಾಗಾದರೆ ನಡೆಯುವುದು ಬೇಡವೇ? ಖಂಡಿತ ಬೇಕು. ನನ್ನ ಮಾತಿಷ್ಟೇ: ಪಳನಿ ಯಾತ್ರೆಯಾಗಲಿ, ನಮ್ಮ ಮಾದಪ್ಪನ ಬೆಟ್ಟದ ಯಾತ್ರೆಯಾಗಲಿ, ಪಟ್ಟಣದವರ ಮ್ಯಾರಥಾನ್‌ಗೆ ಯಾವ ರೀತಿಯಲ್ಲೂ ಕಡಿಮೆಯಲ್ಲ. ಮ್ಯಾರಥಾನ್ 42 ಕಿ.ಮೀ. ಚಿಲ್ಲರೆ, ಪಳನಿ ಅದಕ್ಕಿಂತ ಉದ್ದ. ಕೊನೆಗೆ 690ರಷ್ಟು ಮೆಟ್ಟಿಲು ಬೇರೆ. ಓಡುವವರು ತಿಂಗಳುಗಟ್ಟಲೆ ತಾಲೀಮು ಮಾಡುತ್ತಾರೆ. ನಾವು ಮಾಲೆ ಹಾಕಿದ ದಿನವೇ ತಾಲೀಮಿನ ಮೊದಲ ದಿನ ಎಂದುಕೊಂಡರೆ ಸಾಕು, ಭಕ್ತಿಯೂ ಉಳಿದೀತು, ಕಾಲೂ ಉಳಿದೀತು.

ತೈಪೂಸಕ್ಕೆ ಹತ್ತು ವಾರ ಮೊದಲು, ಎಂದರೆ ಕಾರ್ತಿಕದಲ್ಲೇ ಶುರುಮಾಡಿ. ವಾರಕ್ಕೆ ನಾಲ್ಕು ದಿನ ಅರ್ಧ ಗಂಟೆ ನಡೆದರೆ ಮೊದಲಿಗೆ ಸಾಕು. ಮಾತಾಡುತ್ತಾ ನಡೆಯಲು ಆಗಬೇಕು, ಹಾಡು ಹೇಳಲು ಉಸಿರು ಸಾಲಬಾರದು. ಅದೇ ಸರಿಯಾದ ವೇಗ. ವಾರದಲ್ಲಿ ಒಂದು ದಿನ ಮಾತ್ರ ದೂರದ ನಡಿಗೆ: ಮೊದಲ ವಾರ ಆರು ಕಿ.ಮೀ., ಆಮೇಲೆ ವಾರಕ್ಕೆ ಒಂದೆರಡೇ ಕಿ.ಮೀ. ಏರಿಸುತ್ತಾ ಇಪ್ಪತ್ತರ ಹತ್ತಿರ ತನ್ನಿ. ದೂರ ನಡೆದ ಮಾರನೇ ದಿನ ವಿಶ್ರಾಂತಿ. ಅದು ಸೋಮಾರಿತನವಲ್ಲ, ಮಾಂಸಖಂಡ ಗಟ್ಟಿಯಾಗುವುದೇ ಆ ಬಿಡುವಿನಲ್ಲಿ. ವಾರಕ್ಕೆರಡು ದಿನ ಬಸ್ಕಿ ಹೊಡೆಯಿರಿ, ಮೆಟ್ಟಿಲು ಹತ್ತಿ ಇಳಿಯಿರಿ. ಹತ್ತುವುದಕ್ಕಿಂತ ಇಳಿಯುವುದೇ ಮೊಣಕಾಲಿಗೆ ಕಷ್ಟ ಎಂಬುದನ್ನು ಬೆಟ್ಟದ ಜನ ಬಲ್ಲರು. ಯಾತ್ರೆಯ ಹಿಂದಿನ ವಾರ ನಡಿಗೆಯನ್ನು ಅರ್ಧಕ್ಕೆ ಇಳಿಸಿ. ನಲವತ್ತು ದಾಟಿದವರು, ಬಿ.ಪಿ., ಸಕ್ಕರೆ ಇದ್ದವರು ಶುರುಮಾಡುವ ಮೊದಲೇ ಡಾಕ್ಟರಿಗೆ ತೋರಿಸಬೇಕು. ಎದೆ ಹಿಡಿದರೆ, ತಲೆ ಸುತ್ತಿದರೆ ಹರಕೆಯ ನೆಪ ಹೇಳದೆ ಅಲ್ಲೇ ನಿಲ್ಲಬೇಕು.

ಊಟಕ್ಕೆ ಡಬ್ಬಿಯ ಪುಡಿ ಕೊಳ್ಳಬೇಕಾಗಿಲ್ಲ. ನಾವು ಮುದ್ದೆ ಅಂತೀವಿ, ಅವರು ಕಳಿ ಅಂತಾರೆ, ರಾಗಿ ಒಂದೇ. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಹೆಚ್ಚು ಸುಣ್ಣದ ಅಂಶವಿದೆ. ಅನ್ನದಲ್ಲಿ ಅದು ಲೆಕ್ಕಕ್ಕಿಲ್ಲ. ಸಜ್ಜೆ ಅಂಬಲಿ, ಹುರುಳಿ ಸಾರು, ಒಟ್ಟನ್‌ಛತ್ರದಲ್ಲಿ ರಾಶಿ ಬೀಳುವ ನುಗ್ಗೆ, ಮನೆಯ ಮೊಟ್ಟೆ, ಮಜ್ಜಿಗೆ, ಇವಿಷ್ಟಿದ್ದರೆ ದುಡಿಯುವ ಮೈಗೆ ಕೊರತೆಯಿಲ್ಲ. ಆದರೆ ಮುದ್ದೆ ಎಂದ ಮಾತ್ರಕ್ಕೆ ಎರಡೆರಡು ನುಂಗಿ ಮಲಗಿದರೆ ಅದೂ ಸಕ್ಕರೆಯೇ. ತಟ್ಟೆಯಲ್ಲಿ ಅರ್ಧ ತರಕಾರಿ, ಸೊಪ್ಪು ಇರಲಿ, ಉಳಿದರ್ಧದಲ್ಲಿ ಧಾನ್ಯ, ಕಾಳು ಸಮಪಾಲಿರಲಿ. ಊಟವಾದ ಮೇಲೆ ಹತ್ತು ಹದಿನೈದು ನಿಮಿಷ ಮಂಡಿಯ ಮುಂದೆಯೇ ಅಡ್ಡಾಡಿ. ನಡೆಯುವ ಕಾಲು ರಕ್ತದ ಸಕ್ಕರೆಯನ್ನು ಎಳೆದುಕೊಳ್ಳುತ್ತದೆ.

ದಾರಿಯ ಆಹಾರ ಬೇರೆ. ದೂರ ನಡೆಯುವಾಗ ಗಂಟೆಗೊಮ್ಮೆ ಮೈಗೆ ಸಿಹಿ ಬೇಕು. ಓಟಗಾರರು ಅದಕ್ಕೆ ದುಬಾರಿ ಜೆಲ್ ಚೀಪುತ್ತಾರೆ. ಪಳನಿಯ ಪಂಚಾಮೃತದಲ್ಲಿ ಇರುವುದೂ ಬಾಳೆಹಣ್ಣು, ಬೆಲ್ಲ, ಜೇನು, ತುಪ್ಪ, ಏಲಕ್ಕಿಯೇ. ವಿರೂಪಾಕ್ಷಿ, ಸಿರುಮಲೆ ಬೆಟ್ಟದ ಬಾಳೆಹಣ್ಣು ಒಂದೊಂದು ತಿಂದರೂ ಕೆಲಸವಾಗುತ್ತದೆ. ಬರೀ ನೀರನ್ನೇ ಕೊಡಗಟ್ಟಲೆ ಕುಡಿದರೆ ರಕ್ತದಲ್ಲಿ ಉಪ್ಪು ಇಳಿದು ಅಪಾಯ. ಬಾಯಾರಿದಷ್ಟು ಕುಡಿಯಿರಿ, ನಡುನಡುವೆ ಉಪ್ಪು ಹಾಕಿದ ಮಜ್ಜಿಗೆ ಇರಲಿ. ಸಕ್ಕರೆ ಕಾಯಿಲೆಗೆ ಮಾತ್ರೆ, ಇಂಜೆಕ್ಷನ್ ತೆಗೆದುಕೊಳ್ಳುವವರ ಕತೆ ಬೇರೆ. ದೂರ ನಡೆದಾಗ ಸಕ್ಕರೆ ದಿಢೀರನೆ ಇಳಿಯಬಹುದು. ಎಷ್ಟು ತಿನ್ನಬೇಕು, ಔಷಧಿ ಎಷ್ಟು ಎಂದು ಡಾಕ್ಟರನ್ನು ಮೊದಲೇ ಕೇಳಿ, ಜೇಬಿನಲ್ಲಿ ನಾಲ್ಕು ಚಮಚ ಸಕ್ಕರೆ ಇಟ್ಟುಕೊಂಡೇ ಹೊರಡಬೇಕು. ಅಂಥವರಿಗೆ ಬರಿಗಾಲು ಸಲ್ಲದು. ರಸ್ತೆಯಲ್ಲಿ ಹತ್ತಿಯ ಕಾಲುಚೀಲ, ಹಳೆಯ ಒಗ್ಗಿದ ಶೂ ಇರಲಿ. ರಾತ್ರಿ ತಂಗಿದ ಕಡೆ ಟಾರ್ಚು ಹಿಡಿದು ಅಂಗಾಲು ನೋಡಿಸಿಕೊಳ್ಳಿ. ದೇವರಿಗೆ ಬೇಕಾದದ್ದು ಭಕ್ತನೇ ಹೊರತು ಭಕ್ತನ ಬೆರಳಲ್ಲ.

ಕಾಲು ಗಟ್ಟಿ ಇದ್ದ ಮಾತ್ರಕ್ಕೆ ಎಲ್ಲವೂ ಆಯಿತೆಂದಲ್ಲ. ತೇನಿ ಜಿಲ್ಲೆಯ ಕುರಂಗಣಿ ಬೆಟ್ಟದಲ್ಲಿ 2018ರ ಮಾರ್ಚ್ 11ರಂದು ಚಾರಣಕ್ಕೆ ಹೋದವರು ಕಾಡ್ಗಿಚ್ಚಿಗೆ ಸಿಕ್ಕಿ 20ಕ್ಕೂ ಹೆಚ್ಚು ಮಂದಿ ಸತ್ತರು. ಬಹುಪಾಲು ಚಿಕ್ಕ ವಯಸ್ಸಿನವರು. ಹುಲ್ಲು ಒಣಗಿದ ಕಾಲದಲ್ಲಿ ಬೆಟ್ಟಕ್ಕೆ ಬೆಂಕಿ ಬಿದ್ದರೆ ಯಾವ ಓಟಗಾರನ ಕಾಲೂ ಗೆಲ್ಲಲಾರದು. ತಮಿಳುನಾಡು ಸರ್ಕಾರ 2024ರಲ್ಲಿ 40 ಚಾರಣದ ಹಾದಿಗಳನ್ನು ಗುರುತಿಸಿ, ಮುಂಗಡ ನೋಂದಣಿ, ಸ್ಥಳೀಯ ಮಾರ್ಗದರ್ಶಿ ಎಂಬ ಕ್ರಮ ತಂದಿತು. ಬೆಟ್ಟ ಹತ್ತುವ ನಮ್ಮ ಹುಡುಗರು ಅನುಮತಿ, ಋತು, ದಾರಿ ಬಲ್ಲ ಸ್ಥಳೀಯರು ಈ ಮೂರನ್ನೂ ತಾಲೀಮಿನ ಭಾಗವೆಂದೇ ತಿಳಿಯಲಿ. ಪಳನಿ ರಸ್ತೆಯಲ್ಲಿ ಇರುಳು ನಡೆಯುವವರೂ ಅಷ್ಟೇ. ಬೆನ್ನಿಗೆ ಹೊಳೆಯುವ ಪಟ್ಟಿ ಇಲ್ಲದೆ ಲಾರಿಗಳ ನಡುವೆ ಇಳಿಯಬಾರದು.

ಯಾತ್ರೆ ಮುಗಿದ ಮೇಲಿನ ಮಾತೇ ಮುಖ್ಯ. ವಿಶ್ವ ಆರೋಗ್ಯ ಸಂಸ್ಥೆ ಕೇಳುವುದು ವಾರಕ್ಕೆ 150 ನಿಮಿಷದ ಚುರುಕು ನಡಿಗೆ, ಜೊತೆಗೆ ಎರಡು ದಿನ ಮೈ ಗಟ್ಟಿಮಾಡುವ ಕೆಲಸ. ದಿನಕ್ಕೆ ಇಪ್ಪತ್ತೆರಡು ನಿಮಿಷವೂ ಆಗಲಿಲ್ಲ. ಎರಡು ಲೋಟ ಟೀ, ಒಂದಿಷ್ಟು ರಾಜಕೀಯ ಮಾತಿಗೆ ನಾವು ಕೊಡುವ ಹೊತ್ತು ಅದಕ್ಕಿಂತ ಜಾಸ್ತಿ.

ಭಾವ ಈಗಲೂ ನಡೆಯುತ್ತಾರೆ. ಬೆರಳಿಲ್ಲದ ಕಾಲಿಗೆ ಅಳತೆಯ ಶೂ ಹೊಲಿಸಿಕೊಂಡು ದಿನಾ ಬೆಳಿಗ್ಗೆ ಕೆರೆ ಏರಿಯ ಮೇಲೆ ಮೂರು ಕಿ.ಮೀ. "ಇದನ್ನೇ ಮೊದಲು ಮಾಡಿದ್ದಿದ್ರೆ" ಎಂದು ಒಮ್ಮೆ ಅಂದರು, ಮುಂದೆ ಹೇಳಲಿಲ್ಲ. ಅವರು ಪೂರ್ತಿ ಮಾಡದ ಆ ಮಾತನ್ನು ಓದುಗರು ತಮ್ಮ ಮನೆಯಲ್ಲಿ ಪೂರ್ತಿ ಮಾಡಿಕೊಳ್ಳಲಿ. ಈ ವರ್ಷ ಮಾಲೆ ಹಾಕುವ ಮನಸ್ಸಿದ್ದರೆ, ನಾಳೆ ಬೆಳಿಗ್ಗೆಯೇ ಮನೆಯಿಂದ ಹೊರಡಿ. ಪಳನಿಗಲ್ಲ, ಸದ್ಯಕ್ಕೆ ಊರ ಬಾಗಿಲವರೆಗೆ.