ಲೆಕ್ಕದ ಪುಸ್ತಕ ಬೇರೆ, ಮೈನಿಂಗ್ ಯಂತ್ರ ಬೇರೆ

ಮನೆಯಲ್ಲೇ ಬಿಟ್‌ಕಾಯಿನ್ ನೋಡ್ ಇಡಬೇಕು, ಮೈನಿಂಗ್ ಯಂತ್ರವನ್ನೂ ಕೊಳ್ಳಬೇಕು ಎಂಬ ಬೇಡಿಕೆಯನ್ನು ಊರಿಗೆ ಮರಳಿದ ನಮ್ಮ ಮಕ್ಕಳು ಮುಂದಿಡುತ್ತಿದ್ದಾರೆ. ಯಾವ ಯಂತ್ರ ಮೇಲೆಂದು ಸದಸ್ಯ ಬಾಂಧವರು ವಿಚಾರಿಸುತ್ತಿರುವುದರಿಂದ ಈ ನಾಲ್ಕು ಮಾತು.

ಇವೆರಡೂ ಬೇರೆ ಬೇರೆ ಕೆಲಸಗಳೆಂಬುದನ್ನು ಮೊದಲು ತಿಳಿಯಬೇಕು. ನೋಡ್ ಎಂದರೆ 2009ರಿಂದ ನಡೆದ ಎಲ್ಲ ಬಿಟ್‌ಕಾಯಿನ್ ವ್ಯವಹಾರಗಳನ್ನೂ ತಾನೇ ಪರಿಶೀಲಿಸಿ ಇಟ್ಟುಕೊಳ್ಳುವ ಲೆಕ್ಕದ ಪುಸ್ತಕ. ಸಂಘದ ಲೆಜರನ್ನು ಪ್ರತಿ ಸದಸ್ಯನೂ ಮನೆಯಲ್ಲೇ ತಾಳೆ ನೋಡಿದಂತೆ. ಇದರಿಂದ ಆದಾಯವಿಲ್ಲ. ಆ ಪುಸ್ತಕಕ್ಕೆ ಬ್ಲಾಕ್ ಎಂಬ ಹೊಸ ಪುಟ ಸೇರಿಸುವ ಹಕ್ಕಿಗಾಗಿ ಜಗತ್ತಿನೊಡನೆ ಪೈಪೋಟಿ ನಡೆಸುವುದು ಮೈನಿಂಗ್ ಯಂತ್ರ.

ನೋಡ್‌ಗೆ 8 ಜಿ.ಬಿ. ಮೆಮೊರಿಯ ರಾಸ್ಪ್‌ಬೆರಿ ಪೈ, ಇಲ್ಲವೇ ಕಚೇರಿಯಿಂದ ಹೊರಬಿದ್ದ ಸಣ್ಣ ಕಂಪ್ಯೂಟರ್ ಸಾಕು. ಜಿಪುಣತನ ಸಲ್ಲದಿರುವುದು ಡಿಸ್ಕಿನಲ್ಲಿ. ಪುಸ್ತಕ ಈಗಾಗಲೇ 600 ಜಿ.ಬಿ. ಮೀರಿದೆ, ವರ್ಷವರ್ಷವೂ ಬೆಳೆಯುತ್ತಿದೆ. ಆದುದರಿಂದ 2 ಟಿ.ಬಿ. ಎಸ್.ಎಸ್.ಡಿ. ಲೇಸು. ತಿರುಗುವ ಹಳೆಯ ಡಿಸ್ಕಿನಲ್ಲಿ ಮೊದಲ ಪರಿಶೀಲನೆ ಬಹಳ ಎಳೆಯುತ್ತದೆ. ಕರೆಂಟು ಹೋದರೆ ಸಣ್ಣ ಯು.ಪಿ.ಎಸ್., ಸಿಡಿಲಿಗೆ ಸರಿಯಾದ ಅರ್ಥಿಂಗ್ ಇರಲಿ. ತಿಂಗಳಿಗೆ ಹತ್ತು ಯೂನಿಟ್ಟಿನ ಆಸುಪಾಸು ಖರ್ಚು, ಅಷ್ಟೇ.

ಮೈನಿಂಗ್ ಲೆಕ್ಕ ಬೇರೆಯೇ. 110 ಟೆರಾಹ್ಯಾಶ್ ಶಕ್ತಿಯ ಆಂಟ್‌ಮೈನರ್ ಎಸ್19 ಪ್ರೊ 3,250 ವಾಟ್ ಎಳೆಯುತ್ತದೆ. ನಾಲ್ಕು ಎಚ್.ಪಿ. ಮೀರಿದ ಪಂಪು ಹಗಲಿರುಳು ಓಡಿದಂತೆ, ದಿನಕ್ಕೆ 78 ಯೂನಿಟ್; ಯೂನಿಟ್ಟಿಗೆ 7 ರೂಪಾಯಿ ಹಿಡಿದರೆ 546 ರೂಪಾಯಿ. ಇನ್ನು ಉತ್ಪತ್ತಿ: 2024ರ ಏಪ್ರಿಲ್‌ನಿಂದ ಪುಟವೊಂದಕ್ಕೆ 3.125 ಬಿಟ್‌ಕಾಯಿನ್ ಬಹುಮಾನ, ದಿನಕ್ಕೆ ಸುಮಾರು 144 ಪುಟ. ಜಗತ್ತಿನ ಯಂತ್ರಗಳ ಒಟ್ಟು ಶಕ್ತಿ 2025ರಲ್ಲಿ 100 ಕೋಟಿ ಟೆರಾಹ್ಯಾಶ್ ಮುಟ್ಟಿತು. ಆ ಪ್ರಮಾಣದಲ್ಲಿ ನಮ್ಮ ಪಾಲು ದಿನಕ್ಕೆ 0.00005 ಬಿಟ್‌ಕಾಯಿನ್. ಒಂದು ಬಿಟ್‌ಕಾಯಿನ್‌ಗೆ 80 ಲಕ್ಷ ಬೆಲೆ ಹಿಡಿದರೂ 400 ರೂಪಾಯಿ! ಯಂತ್ರದ ಅಸಲು, ಸವಕಳಿ, ಮನೆಮಂದಿ ಸಹಿಸಬೇಕಾದ ಫ್ಯಾನಿನ ಅಬ್ಬರ ಇದರ ಮೇಲೆ.

ಬಿಟ್‌ಆಕ್ಸ್ ಎಂಬ ಅಂಗೈಯಗಲದ ಯಂತ್ರ 20 ವಾಟಿನೊಳಗೆ ನಡೆಯುತ್ತದೆ, ನಿಜ. ಆದರೆ ಅದರ ಶಕ್ತಿ 1.2 ಟೆರಾಹ್ಯಾಶ್, ಒಂಟಿಯಾಗಿ ದುಡಿದರೆ ಸರಾಸರಿ ಸುಮಾರು ಹದಿನಾರು ಸಾವಿರ ವರ್ಷಕ್ಕೊಂದು ಬಹುಮಾನ. ಕಲಿಕೆಗೆ ಆದೀತು, ಆದಾಯಕ್ಕಲ್ಲ.

ತೆರಿಗೆಯೂ ಹಗುರವಿಲ್ಲ. 2022ರ ಏಪ್ರಿಲ್‌ನಿಂದ ಇಂಥ ಆಸ್ತಿ ಮಾರಿದ ಲಾಭಕ್ಕೆ ಶೇ. 30 ತೆರಿಗೆ, ನಷ್ಟವನ್ನು ಬೇರೆ ಆದಾಯದಲ್ಲಿ ಕಳೆಯುವಂತಿಲ್ಲ. ಮೈನಿಂಗ್ ಸಲಕರಣೆಯ ಖರ್ಚನ್ನು ಅಸಲಾಗಿ ತೋರಿಸುವಂತಿಲ್ಲವೆಂದು ಸರ್ಕಾರ ಅದೇ ವರ್ಷ ಸಂಸತ್ತಿಗೆ ತಿಳಿಸಿದೆ.

ತೋಟದ ಪಂಪಿನ ಲೈನಿನಿಂದ ಇದನ್ನು ಓಡಿಸಿದರೆ ಬಿಲ್ಲಿನ ಚಿಂತೆಯಿಲ್ಲವೆಂಬ ಮಾತೂ ಕೇಳಿಬಂದಿದೆ. ಅದು ಸರ್ವಥಾ ಸಲ್ಲದು. ನೀರಿಗೆಂದು ಪಡೆದ ಕರೆಂಟು ನೀರಿಗೇ. ಗೊಬ್ಬರಕ್ಕೆ, ಬೋರ್ಡೋ ಸಿಂಪರಣೆಗೆ ತೆಗೆದ ಬೆಳೆಸಾಲ ಅದಕ್ಕೇ. ಒಬ್ಬರು ದಾರಿ ತಪ್ಪಿದರೆ ಎಲ್ಲ ಬೆಳೆಗಾರರ ಮೇಲೂ ಅನುಮಾನ ಬೀಳುತ್ತದೆ.

ಲೆಕ್ಕವನ್ನು ತಾನೇ ನೋಡಿಕೊಳ್ಳುವ ಅಭ್ಯಾಸ ಸಹಕಾರಿಗಳಿಗೆ ಒಪ್ಪುವಂಥದು. ಮಗನೋ ಮಗಳೋ ನೋಡ್ ಕೇಳಿದರೆ, ಕೈಲಾದರೆ ಕೊಡಿಸಿರಿ. ಮೈನಿಂಗ್ ಯಂತ್ರ ಕೇಳಿದರೆ ಮೇಲಿನ ಲೆಕ್ಕವನ್ನು ಆ ದಿನದ ಬೆಲೆ ಹಾಕಿ ಅವರಿಂದಲೇ ಮಾಡಿಸಿರಿ, ಆಮೇಲೆ ನಿರ್ಧರಿಸಿರಿ.