‘ಲಾಯ್ಕುಂಟು’ ಎಂದರೆ ಸಾಕೇ?

ಕೇರಳದ ಶಾಲೆಗಳಲ್ಲಿ ವರ್ಷಕ್ಕೆ ಮೂರು ಪರೀಕ್ಷೆಗಳು. ಓಣಂ ಹಬ್ಬದ ಹೊತ್ತಿಗೆ ಒಂದು, ಕ್ರಿಸ್‌ಮಸ್ಸಿನ ಹೊತ್ತಿಗೆ ಇನ್ನೊಂದು, ಮಾರ್ಚ್ ತಿಂಗಳಲ್ಲಿ ಕೊನೆಯದು. ಗಡಿಯಾಚೆ ವಿಟ್ಲದ ಮಕ್ಕಳು ದಸರಾ ರಜೆಯ ದಾರಿ ಕಾಯುವಂತೆ ನಮ್ಮ ಬಾಯಾರಿನ ಮಕ್ಕಳು ಕ್ರಿಸ್‌ಮಸ್ ರಜೆಯ ದಾರಿ ಕಾಯುತ್ತಾರೆ. ಸುಮಾರು ಹತ್ತು ದಿನಗಳ ರಜೆ. ಈ ಹತ್ತು ದಿನಗಳಲ್ಲಿ ತೋಟದಲ್ಲಿ ಅಡಿಕೆ ಹೆಕ್ಕುವವರು ಹೆಕ್ಕುತ್ತಾರೆ, ಅಜ್ಜನ ಮನೆಗೆ ಹೋಗುವವರು ಹೋಗುತ್ತಾರೆ. ಮೇಳಗಳ ತಿರುಗಾಟದ ಕಾಲವಾದುದರಿಂದ ಬಯಲಾಟ ನೋಡುವವರೂ ಇದ್ದಾರೆ. ಸಿನಿಮಾ ನೋಡದೆ ರಜೆ ಕಳೆಯುವವರು ಮಾತ್ರ ಈಗ ಯಾರೂ ಇರಲಾರರು.

ಈ ಸಲ ರಜೆ ಮುಗಿದು ಶಾಲೆ ತೆರೆದ ದಿನ ಒಂಬತ್ತನೆಯ ತರಗತಿಯಲ್ಲಿ, “ರಜೆಯಲ್ಲಿ ಏನು ನೋಡಿದಿರಿ?” ಎಂದು ಕೇಳಿದೆ. ಏಳೆಂಟು ಮಂದಿ ಒಂದೇ ಸಿನಿಮಾದ ಹೆಸರನ್ನು ಹೇಳಿದರು. ಕ್ರಿಸ್‌ಮಸ್ಸಿನ ಮರುದಿನ ಸಹಪಾಠಿಯೊಬ್ಬಳ ಮನೆಗೆ ಎಲ್ಲರೂ ಹೋಗಿದ್ದರಂತೆ. ಗೋದಲಿ ನೋಡಿ, ಕುಸ್ವಾರಿನ ತಟ್ಟೆಯಲ್ಲಿದ್ದ ನೆವ್ರಿ, ಕಿಡಿಯೊಗಳನ್ನು ಮುಗಿಸಿ, ಟಿ.ವಿ.ಯ ಮುಂದೆ ಒಟ್ಟಿಗೆ ಕುಳಿತು ನೋಡಿದ ಸಿನಿಮಾ ಅದು. ಹೆಸರು ‘ದಿ ನೈಟ್ ಬಿಫೋರ್ ಕ್ರಿಸ್‌ಮಸ್’. 2019ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಬಂದದ್ದು. ಅದರ ಬಗ್ಗೆ ಒಂದೊಂದು ಪುಟ ಅಭಿಪ್ರಾಯ ಬರೆದು ತನ್ನಿರೆಂದು ಹೇಳಿದೆ. ಮಕ್ಕಳು ಬರೆದುದನ್ನು ತಿದ್ದಬೇಕಾದರೆ ನಾನೂ ನೋಡಬೇಕಲ್ಲ! ಅಂದು ರಾತ್ರಿ ನೋಡಿದೆ.

ಹೆಸರಿನಲ್ಲೇ ಒಂದು ಶ್ಲೇಷೆಯಿದೆ. ಇಂಗ್ಲಿಷಿನಲ್ಲಿ ರಾತ್ರಿಗೂ ‘ನೈಟ್’, ಕವಚ ತೊಟ್ಟ ವೀರನಿಗೂ ‘ನೈಟ್’. ಬರೆಯುವ ಅಕ್ಷರಗಳು ಬೇರೆ, ಉಚ್ಚಾರ ಒಂದೇ. 1823ರಲ್ಲಿ ಅಮೇರಿಕದ ಪತ್ರಿಕೆಯೊಂದರಲ್ಲಿ ಅಚ್ಚಾದ, ಅಲ್ಲಿನ ಮಕ್ಕಳಿಗೆಲ್ಲ ಪರಿಚಿತವಾದ ಕ್ರಿಸ್‌ಮಸ್ ಕವನವೊಂದರ ಹೆಸರನ್ನು ಹೀಗೆ ತಿರುಚಿದ್ದಾರೆ. ಕನ್ನಡ ಲಿಪಿಯಲ್ಲಿ ಬರೆದರೆ ಎರಡೂ ಒಂದೇ ಆಗಿ, ಶ್ಲೇಷೆ ಇನ್ನಷ್ಟು ಗಟ್ಟಿಯಾಗುತ್ತದೆ!

ಕಥೆ ಇಷ್ಟು. 1334ನೆಯ ಇಸವಿ, ಇಂಗ್ಲೆಂಡಿನ ನಾರ್ವಿಚ್. ಸರ್ ಕೋಲ್ ಎಂಬ ತರುಣ ವೀರನಿಗೆ ಕಾಡಿನಲ್ಲಿ ಒಬ್ಬ ಮುದುಕಿ ಎದುರಾಗುತ್ತಾಳೆ. ಅವಳ ಮಂತ್ರದಿಂದ ಅವನು 2019ರ ಅಮೇರಿಕಕ್ಕೆ, ಒಹಾಯೊ ರಾಜ್ಯದ ಒಂದು ಸಣ್ಣ ಪೇಟೆಗೆ ಬಂದು ಬೀಳುತ್ತಾನೆ. ಕ್ರಿಸ್‌ಮಸ್ಸಿನ ಹಿಂದಿನ ನಡುರಾತ್ರಿಯೊಳಗೆ ತನ್ನ ಸಾಧನೆಯನ್ನು ಪೂರೈಸಬೇಕು, ಇಲ್ಲವಾದರೆ ಅವನು ನಿಜವಾದ ವೀರನಾಗಲಾರ. ಸಾಧನೆ ಏನೆಂಬುದು ಮಾತ್ರ ಅವನಿಗೇ ತಿಳಿಯದು. ಬ್ರೂಕ್ ಎಂಬ ವಿಜ್ಞಾನ ಶಿಕ್ಷಕಿಯ ಕಾರು ಅವನಿಗೆ ತಾಗುತ್ತದೆ. ಪೆಟ್ಟಿನಿಂದ ನೆನಪು ಕೆಟ್ಟಿರಬೇಕೆಂದು ಬಗೆದು ಅವಳು ಅವನಿಗೆ ಆಶ್ರಯ ಕೊಡುತ್ತಾಳೆ. ಮುಂದಿನದನ್ನು ಯಾರಾದರೂ ಊಹಿಸಬಹುದು. ವೆನೆಸಾ ಹಜೆನ್ಸ್ ಮತ್ತು ಜಾಶ್ ವೈಟ್‌ಹೌಸ್ ನಟಿಸಿದ ಈ ಚಿತ್ರವನ್ನು ನಿರ್ದೇಶಿಸಿದವರು ಮೋನಿಕಾ ಮಿಚೆಲ್ ಎಂಬ ಮಹಿಳೆ.

ಇನ್ನು ನಮ್ಮ ಮಕ್ಕಳ ಅಭಿಪ್ರಾಯಗಳು. ಅರ್ಧದಷ್ಟು ಮಂದಿ ‘ಲಾಯ್ಕುಂಟು, ನಗು ಬಂತು’ ಎಂಬಲ್ಲಿಗೆ ನಿಲ್ಲಿಸಿದ್ದರು. ಒಬ್ಬ ಹುಡುಗ, “ಇದು ಬರೀ ಲೊಟ್ಟೆ ಕಥೆ, ಹೀಗೆಲ್ಲ ಆಗಲಿಕ್ಕುಂಟಾ?” ಎಂದು ಬರೆದಿದ್ದ. ಇನ್ನೊಬ್ಬ, “ಕೊನೆ ಏನಾಗ್ತದೆ ಅಂತ ಹತ್ತು ನಿಮಿಷದಲ್ಲೇ ಗೊತ್ತಾಯಿತು, ಮತ್ತೆ ನೋಡುವುದೆಂತಕ್ಕೆ?” ಎಂದಿದ್ದ. ಈ ಮೂರು ಮಾತುಗಳನ್ನು ದೊಡ್ಡವರೂ ಆಡುತ್ತಾರೆ. ಆದುದರಿಂದ ಇವುಗಳನ್ನು ಸ್ವಲ್ಪ ವಿಚಾರ ಮಾಡಿ ನೋಡೋಣ.

ಮೊದಲು ‘ಲೊಟ್ಟೆ ಕಥೆ’ ಎಂಬ ಆಕ್ಷೇಪ. ನಮ್ಮ ಪುರಾಣದಲ್ಲಿ ಕಕುದ್ಮಿಯೆಂಬ ರಾಜನ ಕಥೆಯಿದೆ. ಕುಶಸ್ಥಲಿಯ ಅರಸನಾದ ಈತ ತನ್ನ ಮಗಳಾದ ರೇವತಿಗೆ ತಕ್ಕ ವರನಾರೆಂದು ಕೇಳಲು ಅವಳನ್ನೂ ಕರೆದುಕೊಂಡು ಬ್ರಹ್ಮಲೋಕಕ್ಕೆ ಹೋದ. ಅಲ್ಲಿ ಗಂಧರ್ವರ ಗಾನ ನಡೆದಿತ್ತು. ಅದು ಮುಗಿಯುವವರೆಗೆ ಕಾದು ನಿಂತು, ಆಮೇಲೆ ತನ್ನ ಪ್ರಶ್ನೆ ಕೇಳಿದ. ಬ್ರಹ್ಮ ನಕ್ಕುಬಿಟ್ಟ. ನೀನು ಮನಸ್ಸಿನಲ್ಲಿಟ್ಟುಕೊಂಡ ವರರೂ ಇಲ್ಲ, ಅವರ ಮೊಮ್ಮಕ್ಕಳೂ ಇಲ್ಲ, ಭೂಮಿಯಲ್ಲಿ 27 ಚತುರ್ಯುಗಗಳು ಕಳೆದುಹೋದುವು ಎಂದ. ತಂದೆ ಮಗಳು ಹಿಂದಿರುಗಿ ಬಂದಾಗ ಇಲ್ಲಿ ದ್ವಾಪರಯುಗ. ರೇವತಿಯನ್ನು ಬಲರಾಮನಿಗೆ ಮದುವೆ ಮಾಡಿಕೊಟ್ಟರು. ಹಿಂದಿನ ಯುಗದ ಹೆಣ್ಣಾದ ಅವಳು ಬಹಳ ಎತ್ತರವಾಗಿದ್ದಳೆಂದೂ, ಬಲರಾಮ ತನ್ನ ನೇಗಿಲ ತುದಿಯಿಂದ ಅವಳನ್ನು ಕುಗ್ಗಿಸಿ ತನಗೆ ಸರಿಸಮ ಮಾಡಿಕೊಂಡನೆಂದೂ ವಿಷ್ಣುಪುರಾಣ ಹೇಳುತ್ತದೆ. ಕಾಲ ದಾಟಿ ಬಂದವರ ಕಲ್ಯಾಣದ ಕಥೆ ನಮಗೆ ಹೊಸದೇನೂ ಅಲ್ಲ ಎಂದಾಯಿತು.

ಉಷೆ ಕನಸಿನಲ್ಲಿ ಕಂಡ ಅನಿರುದ್ಧನನ್ನು ಗೆಳತಿ ಚಿತ್ರಲೇಖೆ ಚಿತ್ರ ಬರೆದು ಗುರುತಿಸಿ, ನಿದ್ದೆಯಲ್ಲಿದ್ದವನನ್ನು ಹಾಗೆಯೇ ದ್ವಾರಕೆಯಿಂದ ಎತ್ತಿ ತಂದಾಗ ನಮ್ಮ ಬಯಲಾಟದ ಪ್ರೇಕ್ಷಕರಲ್ಲಿ ಯಾರಾದರೂ ಎದ್ದು ನಿಂತು ‘ಇದು ಲೊಟ್ಟೆ’ ಎಂದದ್ದುಂಟೇ? ಇಲ್ಲ. ಕಥೆ ಕೇಳಲು ಕುಳಿತವರು ಕಥೆಗಾರನಿಗೆ ಒಂದು ಸುಳ್ಳನ್ನು ಸಾಲವಾಗಿ ಕೊಡಬೇಕು. ಆ ಸಾಲ ತೀರಿತೇ ಇಲ್ಲವೇ ಎಂದು ಕೊನೆಯಲ್ಲಿ ಲೆಕ್ಕ ಕೇಳಬೇಕು. ಮಂತ್ರದಿಂದ ಬಂದವನಾದರೂ ಬಂದ ಮೇಲೆ ಮನುಷ್ಯನಂತೆ ನಡೆದುಕೊಂಡನೇ ಎಂಬುದು ಆ ಲೆಕ್ಕ.

ಈ ಲೆಕ್ಕವನ್ನು ನಮ್ಮ ತರಗತಿಯ ಇನ್ನೊಬ್ಬ ಹುಡುಗ ನನಗಿಂತ ಚೆನ್ನಾಗಿ ಕೇಳಿದ್ದಾನೆ. ಅವನು ಬರೆದುದು ಹೀಗೆ: “ಆ ವೀರನಿಗೆ ಟಿ.ವಿ., ಕಾರು, ಬಿಸಿ ಚಾಕಲೇಟು ಎಲ್ಲ ಬೇಗ ಇಷ್ಟವಾಯಿತು. ಆದರೆ ಊರಲ್ಲಿ ಬಿಟ್ಟು ಬಂದ ತಮ್ಮನ ನೆನಪು ಅವನಿಗೆ ಇನ್ನೂ ಹೆಚ್ಚು ಬರಬೇಕಿತ್ತು. ನನ್ನ ಅಪ್ಪ ದುಬಾಯಿಯಿಂದ ದಿನಾ ರಾತ್ರಿ ಫೋನ್ ಮಾಡಿ ದನ ಕರು ಹಾಕಿತಾ ಅಂತ ಕೇಳ್ತಾರೆ.” ಕಥೆಯ ಕೊನೆಯಲ್ಲಿ ಸರ್ ಕೋಲ್ ನಾರ್ವಿಚ್‌ಗೆ ಮರಳಿ ತಮ್ಮನನ್ನು ಕಾಣುತ್ತಾನೆ, ನಿಜ. ಆದರೆ ನಡುವಿನ ದಿನಗಳಲ್ಲಿ ಊರಿನ ಹಂಬಲ ಅವನನ್ನು ಅಷ್ಟಾಗಿ ಕಾಡಿದಂತೆ ಕಾಣುವುದಿಲ್ಲ. ಪರದೇಶದ ದುಡಿಮೆಯನ್ನು ನಂಬಿದ ಮನೆಗಳು ನಮ್ಮ ಸುತ್ತಮುತ್ತ ಎಷ್ಟಿಲ್ಲ! ಅಂಥ ಮನೆಯ ಹುಡುಗನ ಕಣ್ಣಿಗೆ ಈ ಕೊರತೆ ಕೂಡಲೇ ಬಿದ್ದಿತು. ‘ಹೀಗಾಗಲಿಕ್ಕುಂಟಾ’ ಎಂದು ಕೇಳುವುದಕ್ಕಿಂತ ಇದು ಎಷ್ಟೋ ಹರಿತವಾದ ವಿಮರ್ಶೆ. ಇದನ್ನು ಓದಿದ ಮೇಲೆ ನನಗೂ ರೇವತಿಯ ನೆನಪಾಯಿತು. ಗೆಳತಿಯರೆಲ್ಲ ಅಳಿದುಹೋದ ಲೋಕಕ್ಕೆ ಬಂದಿಳಿದ ಆ ಹುಡುಗಿಗೆ ಏನನಿಸಿತೋ! ಎಷ್ಟೋ ಸಲ ಆ ಕಥೆಯನ್ನು ಮಕ್ಕಳಿಗೆ ಹೇಳಿದ್ದರೂ ಈ ಪ್ರಶ್ನೆ ನನಗೆ ಹೊಳೆದಿರಲಿಲ್ಲ.

ಎರಡನೆಯದು, ‘ಕೊನೆ ಮೊದಲೇ ಗೊತ್ತು’ ಎಂಬ ದೂರು. ‘ಕನಕಾಂಗಿ ಕಲ್ಯಾಣ’ ಪ್ರಸಂಗವನ್ನು ನೆನೆಯಿರಿ. ಬಲರಾಮನ ಮಗಳು ಕನಕಾಂಗಿ ಅಭಿಮನ್ಯುವಿಗೆ ಸಲ್ಲಬೇಕಾದವಳು. ಅವಳನ್ನು ಕೌರವನ ಮಗ ಲಕ್ಷಣನಿಗೆ ಕೊಡಲು ಹೊರಟಾಗ ಘಟೋತ್ಕಚ ಮಾಯೆಯಿಂದ ತಾನೇ ಕನಕಾಂಗಿಯಾಗಿ ಕುಳಿತುಕೊಳ್ಳುತ್ತಾನೆ. ವ್ಯಾಸಭಾರತದಲ್ಲಿಲ್ಲದ ಈ ಕಥೆಯೇ ಹೆಸರು ಬದಲಾಯಿಸಿಕೊಂಡು 1957ರಲ್ಲಿ ‘ಮಾಯಾಬಜಾರ್’ ಎಂಬ ತೆಲುಗು ಸಿನಿಮಾವಾಯಿತು. ಕೆ. ವಿ. ರೆಡ್ಡಿಯವರು ನಿರ್ದೇಶಿಸಿದ ಆ ಚಿತ್ರದಲ್ಲಿ ಸಾವಿತ್ರಿಯವರು ಶಶಿರೇಖೆಯೂ ಹೌದು, ಶಶಿರೇಖೆಯ ರೂಪದಲ್ಲಿರುವ ಘಟೋತ್ಕಚನೂ ಹೌದು. ಮೈ ಕೋಮಲ ಕನ್ಯೆಯದು, ನಡೆ ರಾಕ್ಷಸನದು. 2010ರಲ್ಲಿ ಅದಕ್ಕೆ ಬಣ್ಣ ತುಂಬಿ ಮತ್ತೆ ತೆರೆಗೆ ತಂದರು. ಲಕ್ಷಣನಿಗೆ ಹುಡುಗಿ ಸಿಕ್ಕುವುದಿಲ್ಲವೆಂದು ತಿಳಿಯದ ಪ್ರೇಕ್ಷಕ ಒಬ್ಬನಾದರೂ ಇದ್ದಾನೆಯೇ? ಆದರೂ ಜನ ನೋಡುತ್ತಾರೆ, ನಗುತ್ತಾರೆ. ಅವರು ನೋಡಲು ಬರುವುದು ಏನಾಯಿತೆಂಬುದನ್ನಲ್ಲ, ಹೇಗಾಯಿತೆಂಬುದನ್ನು. ಆದುದರಿಂದ ಕೊನೆ ಗೊತ್ತಿರುವುದು ದೋಷವಲ್ಲ. ಆ ಕೊನೆಗೆ ಹೋಗುವ ದಾರಿಯಲ್ಲಿ ನೋಡುವಂಥದ್ದು ಏನೂ ಇಲ್ಲದಿದ್ದರೆ ಅದು ದೋಷ. ಈ ಇಂಗ್ಲಿಷ್ ಸಿನಿಮಾದ ಎರಡನೆಯ ಅರ್ಧದಲ್ಲಿ ದಾರಿ ಸ್ವಲ್ಪ ಬೋಳಾಗಿದೆ ಎಂದು ನನ್ನ ಅಭಿಪ್ರಾಯ. ಘಟೋತ್ಕಚನ ಮಾಯೆ ಗಳಿಗೆಗೊಂದು ಹೊಸ ಫಜೀತಿ ತಂದೊಡ್ಡುತ್ತದೆ. ಇಲ್ಲಿ ಮುದುಕಿಯ ಮಂತ್ರ ಒಮ್ಮೆ ಕೆಲಸ ಮಾಡಿ ಕೊನೆಯವರೆಗೆ ಬಹುಮಟ್ಟಿಗೆ ಸುಮ್ಮನಿರುತ್ತದೆ.

ಮೂರನೆಯದು, ‘ನಗು ಬಂತು’ ಎಂಬ ಮೆಚ್ಚುಗೆ. ಯಾಕೆ ಬಂತು ಎಂದು ತರಗತಿಯಲ್ಲಿ ಕೇಳಿದಾಗ ಎಲ್ಲರೂ ಮುಖ ಮುಖ ನೋಡಿಕೊಂಡರು. ನಾನು ಹೇಳಿದೆ: “ನಮ್ಮ ಬಯಲಾಟದ ಅರ್ಜುನ ಕಿರೀಟ ತೆಗೆಯದೆ, ಗೆಜ್ಜೆ ಬಿಚ್ಚದೆ ಉಪ್ಪಳ ಪೇಟೆಗೆ ಬಂದ ಎಂದಿಟ್ಟುಕೊಳ್ಳಿ. ಬಸ್ಸಿಗೆ ಕೈ ತೋರಿಸಿ, ‘ಎಲೈ ಸಾರಥಿಯೇ, ರಥವನ್ನು ನಿಲ್ಲಿಸುವಂಥವನಾಗು’ ಎಂದರೆ?” ತರಗತಿಯೇ ನಕ್ಕಿತು. “ಕಂಡಕ್ಟರ್ ಎಂತ ಹೇಳ್ತಾನೆ ಸರ್?” ಎಂದು ಹಿಂದಿನ ಬೆಂಚಿನಿಂದ ಪ್ರಶ್ನೆ ಬಂತು. “ಒಳಗೆ ಹೋಗಿ, ಒಳಗೆ ಹೋಗಿ ಅಂತ ಹೇಳ್ತಾನೆ” ಎಂದು ಇನ್ನೊಬ್ಬನೇ ಉತ್ತರ ಕೊಟ್ಟ. ಮಾತು ಗಂಭೀರ, ಜಾಗ ಸಾಮಾನ್ಯ. ಎರಡೂ ಕೂಡಿದಾಗ ನಗು ಹುಟ್ಟುತ್ತದೆ. ಆ ವೀರನ ಹಳೆಯ ಇಂಗ್ಲಿಷ್ ಇಂದಿನ ಅಮೇರಿಕದ ಬೀದಿಯಲ್ಲಿ ಹೀಗೆಯೇ ಕೇಳಿಸುತ್ತದೆ.

ಆದರೆ ಮಕ್ಕಳೇ, ಈ ನಗುವಿನ ಇನ್ನೊಂದು ಮಗ್ಗುಲು ನಮಗೆ ತಿಳಿದಷ್ಟು ಬೇರೆಯವರಿಗೆ ತಿಳಿದಿರಲಾರದು. ನಮ್ಮ ತರಗತಿಯಲ್ಲಿ ಮನೆಮಾತು ತುಳುವಾದವರಿದ್ದಾರೆ, ಹವ್ಯಕ ಕನ್ನಡ, ಬ್ಯಾರಿ, ಕೊಂಕಣಿ, ಮರಾಠಿ, ಮಲಯಾಳ ಆಡುವವರಿದ್ದಾರೆ. ಶಾಲೆಯಲ್ಲಿ ನಾವು ಕಲಿಸುವುದು ಪುಸ್ತಕದ ಕನ್ನಡ. ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ದೂರದ ಪೇಟೆಯೊಂದರ ಕಚೇರಿಯಲ್ಲಿ, ‘ದಯವಿಟ್ಟು ಈ ಅರ್ಜಿಯನ್ನು ಸ್ವೀಕರಿಸಬೇಕು’ ಎಂದಾಗ ಅಲ್ಲಿದ್ದವರು ನಾಟಕದವನನ್ನು ಕಂಡಂತೆ ನಕ್ಕರಂತೆ. ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಅವನು ಬೇರೆ ಊರಿನಿಂದ ಬಂದಿದ್ದ, ಅಷ್ಟೆ. ಸರ್ ಕೋಲ್‌ನನ್ನು ನೋಡಿ ನಗುವಾಗ ನಾವು ಇದನ್ನೂ ಸ್ವಲ್ಪ ನೆನೆಯಬೇಕು. ಅವನು ನಗೆಗೀಡಾದರೂ ಮರ್ಯಾದೆ ಬಿಟ್ಟು ಮಾತಾಡಲಿಲ್ಲ. ಆ ಪಾತ್ರದಲ್ಲಿ ನನಗೆ ಹಿಡಿಸಿದ್ದು ಇದು.

ಕೊನೆಗೆ ಒಬ್ಬ ಹುಡುಗಿಯ ಮಾತನ್ನು ಹೇಳಬೇಕು. ತರಗತಿಯಲ್ಲಿ ಬಾಯಿ ತೆರೆಯದ ಹುಡುಗಿ ಅವಳು. ಸಿನಿಮಾದ ಆರಂಭದಲ್ಲಿ ಒಂದು ಸಣ್ಣ ದೃಶ್ಯವಿದೆ. ಗೆಳೆಯನಿಂದ ನೊಂದು ಅಳುತ್ತಿರುವ ವಿದ್ಯಾರ್ಥಿನಿಗೆ ಶಿಕ್ಷಕಿ ಬ್ರೂಕ್ ಬುದ್ಧಿ ಹೇಳುತ್ತಾಳೆ. ನಿನ್ನನ್ನು ಉದ್ಧರಿಸುವ ವೀರ ಬರುತ್ತಾನೆಂಬುದೆಲ್ಲ ಬರೀ ಕಟ್ಟುಕಥೆ, ನಿನ್ನ ಓದನ್ನು ನೀನು ನೋಡಿಕೋ ಎಂಬುದು ಅವಳ ಉಪದೇಶದ ಸಾರ. ನಾನು ಆ ದೃಶ್ಯವನ್ನು ನೋಡಿ, ‘ಒಳ್ಳೆಯ ಮಾತು, ಶಿಕ್ಷಕಿ ಹೇಳಬೇಕಾದದ್ದೇ’ ಎಂದುಕೊಂಡಿದ್ದೆ. ಹುಡುಗಿ ಬರೆದಿದ್ದಳು: “ಓದು ಅಂತ ಹೇಳಿದ್ದು ಸರಿ. ಆದರೆ ಆ ಟೀಚರಿಗೇ ಮೊದಲು ಬೇಸರ ಆಗಿತ್ತು. ಅವರು ತನ್ನ ಬೇಸರವನ್ನೇ ಪಾಠ ಮಾಡಿ ಆ ಹುಡುಗಿಗೆ ಕೊಟ್ಟರು. ಆ ಹುಡುಗಿಯ ಹತ್ತಿರ ಏನಾಯಿತು ಅಂತ ಸರಿಯಾಗಿ ಕೇಳಲೇ ಇಲ್ಲ.”

ಇದನ್ನು ಓದಿ ನನ್ನ ಕೆಂಪು ಪೆನ್ನು ಅಲ್ಲಿಯೇ ನಿಂತಿತು. ಕೆಲವು ವರ್ಷಗಳ ಹಿಂದೆ ಇನ್ನೊಬ್ಬ ವಿದ್ಯಾರ್ಥಿನಿ ‘ನಾನು ಮೆಚ್ಚಿದ ಕಥೆ’ ಎಂಬ ಪ್ರಬಂಧಕ್ಕೆ ಒಂದು ಪ್ರೇಮದ ಸಿನಿಮಾವನ್ನು ಆರಿಸಿ ಮೂರು ಪುಟ ಬರೆದಿದ್ದಳು. ನಾನು ಪೂರ್ತಿ ಓದದೆ, ‘ಹಗುರ ವಿಷಯ. ಬೇರೆ ಬರೆದು ತಾ’ ಎಂದು ಷರಾ ಹಾಕಿ ಹಿಂದಕ್ಕೆ ಕೊಟ್ಟೆ. ಅವಳು ‘ಬೇರೆ’ ಬರೆದು ತಂದಳು. ಮಾರ್ಗದರ್ಶಿ ಪುಸ್ತಕದಿಂದ ಇಳಿಸಿದ ನಾಲ್ಕು ಪ್ಯಾರಾ! ಅದಕ್ಕೆ ನಾನು ಒಳ್ಳೆಯ ಅಂಕವನ್ನೂ ಕೊಟ್ಟೆ. ಅದರ ನಂತರ ಅವಳು ನನಗಾಗಿ ಸ್ವಂತ ಅಭಿಪ್ರಾಯವೆಂದು ಒಂದು ವಾಕ್ಯವನ್ನೂ ಬರೆದ ನೆನಪಿಲ್ಲ. ಅವಳು ಆ ಮೂರು ಪುಟಗಳಲ್ಲಿ ಏನು ಹೇಳಿದ್ದಳೆಂದು ನನಗೆ ಇಂದಿಗೂ ತಿಳಿಯದು.

ಕಥೆ ಹಗುರವಾಗಿದ್ದರೆ ಅಭಿಪ್ರಾಯವೂ ಹಗುರವಾಗಿರಬೇಕೆಂದಿಲ್ಲ. ಹಬ್ಬದ ದಿನ ನಗಿಸಲು ಮಾಡಿದ ಸಿನಿಮಾ ಅದು. ಮಹಾಕಾವ್ಯವೆಂದು ಅದನ್ನು ತಯಾರಿಸಿದವರೂ ಹೇಳಲಾರರು. ಆದರೆ ಅದನ್ನು ನೋಡಿದ ಒಬ್ಬ ಹುಡುಗ ತನ್ನ ತಂದೆಯ ಫೋನನ್ನು ನೆನೆದ. ಒಬ್ಬ ಹುಡುಗಿ ಶಿಕ್ಷಕರ ಕುಂದನ್ನು ಕಂಡುಹಿಡಿದಳು. ಇವರು ಪಾಠಪುಸ್ತಕದ ಪ್ರಶ್ನೋತ್ತರದಲ್ಲಿ ಹೀಗೆ ಬರೆದುದನ್ನು ನಾನು ಕಂಡಿಲ್ಲ. ಅಲ್ಲಿ ಉತ್ತರ ಮೊದಲೇ ಸಿದ್ಧವಾಗಿರುತ್ತದೆ. ಇಲ್ಲಿ ಅವರೇ ಹುಡುಕಬೇಕಾಯಿತು, ಅದೂ ಕನ್ನಡದಲ್ಲಿ. ನೋಡಿದ್ದು ಇಂಗ್ಲಿಷಿನಲ್ಲಿ, ಮಾತಾಡಿಕೊಂಡದ್ದು ತುಳುವಿನಲ್ಲಿ, ಬರೆದದ್ದು ಕನ್ನಡದಲ್ಲಿ. ಗಡಿನಾಡಿನಲ್ಲಿ ಕನ್ನಡ ಉಳಿಯಬೇಕೆಂದು ನಾವು ಸಭೆಗಳಲ್ಲಿ ಭಾಷಣ ಮಾಡುತ್ತೇವೆ. ಮಕ್ಕಳು ತಮ್ಮ ಮನಸ್ಸಿನಲ್ಲಿದ್ದುದನ್ನು ಹೇಳಲು ಕನ್ನಡ ಉಪಯೋಗಕ್ಕೆ ಬಂದರೆ ಅದು ತಾನಾಗಿ ಉಳಿಯುತ್ತದೆ. ಅಂಕಕ್ಕೆ ಮಾತ್ರ ಬಂದರೆ ಪರೀಕ್ಷೆ ಮುಗಿದ ಮರುದಿನವೇ ಅದಕ್ಕೂ ರಜೆ.

ಆದುದರಿಂದ ವಿದ್ಯಾರ್ಥಿಗಳಲ್ಲಿ ನನ್ನ ವಿನಂತಿ ಇಷ್ಟೆ. ಸಿನಿಮಾವಾಗಲಿ, ಬಯಲಾಟವಾಗಲಿ, ನೋಡಿ ಬಂದ ಮೇಲೆ ‘ಲಾಯ್ಕುಂಟು’, ‘ಲಾಯ್ಕಿಲ್ಲ’ ಎಂದು ಧಾರಾಳವಾಗಿ ಹೇಳಿರಿ. ಅದು ನಮ್ಮೂರಿನ ಒಳ್ಳೆಯ ಮಾತು. ಆದರೆ ಅದರ ಹಿಂದೆಯೇ ‘ಯಾಕೆಂದರೆ’ ಎಂಬ ಇನ್ನೊಂದು ಮಾತನ್ನು ಸೇರಿಸಿರಿ. ಹೆತ್ತವರಲ್ಲಿ ಒಂದು ಮಾತು: ಮಕ್ಕಳು ಏನು ನೋಡಿದರೆಂದು ವಿಚಾರಿಸುವುದು ಒಳ್ಳೆಯದೇ. ಜೊತೆಗೆ ನೋಡಿದಾಗ ಏನನಿಸಿತೆಂದೂ ಕೇಳಿರಿ, ಉತ್ತರ ಮುಗಿಯುವ ತನಕ ಕೇಳಿಸಿಕೊಳ್ಳಿರಿ. ನನ್ನಂಥ ಅಧ್ಯಾಪಕರಿಗೂ ಇದೇ ಮಾತು ಸಲ್ಲುತ್ತದೆ. ಮುಂದಿನ ಕ್ರಿಸ್‌ಮಸ್ ರಜೆಯ ನಂತರವೂ ಇದೇ ಪ್ರಶ್ನೆ ಕೇಳಲಿದ್ದೇನೆ. ಈ ಸಲ ಮೂರು ಪುಟ ಬರೆದರೂ ಪೂರ್ತಿ ಓದುತ್ತೇನೆ.